ಹೊಟ್ಟೆ ನನ್ನದು, ಕಾಗದ ಯಾರದು?

(ರಾಜ್ಯೋತ್ಸವದ ಸಂಜೆ ಬಡಾವಣೆಯ ಯುವಕರ ಮುಂದೆ ಮುದ್ರಕರೊಬ್ಬರು ಆಡಿದ ಮಾತು. ಓದುಗರಿಗಾಗಿ ಅವರೇ ತಿದ್ದಿ ಕೊಟ್ಟಿದ್ದಾರೆ.)



ಭಾಷಣ ನನ್ನ ಕಸುಬಲ್ಲ. ಭಾಷಣ ಮಾಡುವವರ ಹೆಸರನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕುವುದು ನನ್ನ ಕಸುಬು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಜಗಳವನ್ನು ಇಪ್ಪತ್ತೈದು ವರ್ಷದಿಂದ ಬಗೆಹರಿಸುತ್ತಾ ಬಂದಿದ್ದೇನೆ. ಈ ಸಲ ಕರಪತ್ರ ಹಾಕಿಸಲು ಬಂದ ನಿಮ್ಮ ಹುಡುಗರು, "ಅಣ್ಣಾ, ನಿಮ್ಮ ಹೆಸರನ್ನೂ ಸೇರಿಸಿಕೊಂಡುಬಿಡಿ, ಆ ಆಸ್ಪತ್ರೆ ಕಥೆ ಹೇಳಿ" ಎಂದರು. ನನ್ನ ಹೆಸರನ್ನು ಎಲ್ಲರಿಗಿಂತ ಕೆಳಗೆ, ಸಣ್ಣಕ್ಷರದಲ್ಲಿ ಹಾಕಿಕೊಂಡು ಬಂದಿದ್ದೇನೆ.

ಈಗ ನನ್ನನ್ನು ನೋಡಿದರೆ ಸ್ವಲ್ಪ ದಪ್ಪ ಅನ್ನುತ್ತೀರಿ. 2011ರಲ್ಲಿ ನೋಡಬೇಕಿತ್ತು. ಐದಡಿ ಆರಂಗುಲ ಎತ್ತರ, 128 ಕೆಜಿ ತೂಕ. ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ನಿಗೂ ಗೋಡೆಗೂ ನಡುವೆ ಹೋಗಬೇಕಾದರೆ ಅಡ್ಡ ತಿರುಗಿ, ಉಸಿರು ಹಿಡಿದು ಹೋಗುತ್ತಿದ್ದೆ. ಕೆಳಗೆ ಬಿದ್ದ ರೂಲರ್ ಎತ್ತಿಕೊಳ್ಳಲು ಹುಡುಗನನ್ನು ಕೂಗಬೇಕು. ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ಎಲ್ಲಕ್ಕಿಂತ ಕೆಟ್ಟದ್ದು ನಿದ್ದೆ. ರಾತ್ರಿ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರೇ ನಿಂತುಬಿಡುತ್ತಿತ್ತಂತೆ. ನನ್ನ ಹೆಂಡತಿ ಎದ್ದು ಕೂತು ನನ್ನನ್ನು ಅಲುಗಾಡಿಸುತ್ತಿದ್ದಳು. ರಾತ್ರಿಯ ನಿದ್ದೆ ನಿದ್ದೆಯಲ್ಲ, ಹಾಗಾಗಿ ಹಗಲೆಲ್ಲ ತೂಕಡಿಕೆ. ಸ್ಕೂಟರ್ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಕಣ್ಣು ಮುಚ್ಚಿಹೋದದ್ದುಂಟು.

ಒಂದು ದಿನ ಮದುವೆ ಕಾರ್ಡಿನ ಪ್ರೂಫ್ ನೋಡುತ್ತಾ ತೂಕಡಿಸಿದೆ. 12ನೇ ತಾರೀಕಿನ ಮುಹೂರ್ತ 21 ಆಗಿ ಆರುನೂರು ಕಾರ್ಡು ಅಚ್ಚಾಯಿತು, ಬಣ್ಣದಲ್ಲಿ, ಗಣಪತಿಗೆ ಚಿನ್ನದ ಫಾಯಿಲ್ ಸಮೇತ. ಹುಡುಗಿಯ ತಂದೆ ಬಂದು ಕಾರ್ಡನ್ನು ನನ್ನ ಮುಖಕ್ಕೆ ಎಸೆಯಲಿಲ್ಲ, ಮೇಜಿನ ಮೇಲಿಟ್ಟು ಸುಮ್ಮನೆ ನನ್ನ ಹೊಟ್ಟೆ ನೋಡಿದರು. ಆ ನೋಟ ನನಗೆ ನಾಟಿತು. ಕಾರ್ಡುಗಳನ್ನು ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆ.

ನೀವು ಹೇಳಬಹುದು, ಬಾಯಿ ಕಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು. ಕಟ್ಟಿದ್ದೆ. ಮೂರು ಸಲ ಹದಿನೈದು ಹದಿನೈದು ಕೆಜಿ ಇಳಿಸಿದ್ದೆ, ಮೂರು ಸಲವೂ ಬಡ್ಡಿ ಸಮೇತ ವಾಪಸು ಬಂದಿತ್ತು. ದಪ್ಪಗಿರುವವನಿಗೆ ಈ ದೇಶದಲ್ಲಿ ಎಲ್ಲರೂ ಡಾಕ್ಟರೇ. ಬಸ್ ಕಂಡಕ್ಟರ್ ಕೂಡ "ಎರಡು ಟಿಕೆಟ್ಟಾ ಸಾರ್?" ಎನ್ನುತ್ತಾನೆ. ನಕ್ಕುಬಿಡಬೇಕು, ಬೇರೆ ದಾರಿಯಿಲ್ಲ.

ಆಗ ಯಾರೋ ಹೇಳಿದರು, ಹೊಟ್ಟೆಗೆ ಬ್ಯಾಂಡ್ ಹಾಕುತ್ತಾರೆ ಎಂದು. ನಗರದ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆ. ಹೆಸರು ಬೇಡ.

ಬ್ಯಾಂಡ್ ಅಂದರೆ ಏನು ಎಂದು ಈಗ ನಾನು ನಿಮಗೆ ಕನ್ನಡದಲ್ಲಿ ಹೇಳಬಲ್ಲೆ. ನಮ್ಮ ಜಠರವನ್ನು ಗೋಣಿಚೀಲ ಅಂದುಕೊಳ್ಳಿ. ಚೀಲದ ಕತ್ತಿಗೆ, ಬಾಯಿಗೆ ಸ್ವಲ್ಪ ಕೆಳಗೆ, ಸಿಲಿಕೋನಿನ ಒಂದು ಬಳೆ ತೊಡಿಸುತ್ತಾರೆ. ಬಳೆಯ ಮೇಲೆ ಪುಟ್ಟ ಚೀಲವೊಂದು ಉಳಿಯುತ್ತದೆ, ಸುಮಾರು 30 ಮಿಲಿಲೀಟರ್ ಹಿಡಿಯುವಷ್ಟು. ನಾವು ಹೋಟೆಲಿನಲ್ಲಿ ಕುಡಿಯುವ ಬೈ ಟು ಕಾಫಿ ಕೂಡ ಅದರಲ್ಲಿ ಹಿಡಿಸುವುದಿಲ್ಲ. ತಿಂದದ್ದು ಅಲ್ಲಿ ನಿಂತು, ಬಳೆಯ ಸಂದಿಯಿಂದ ನಿಧಾನವಾಗಿ ಕೆಳಗಿಳಿಯಬೇಕು. ಮೇಲಿನ ಚೀಲ ತುಂಬಿದ ಕೂಡಲೇ ಹೊಟ್ಟೆ ತುಂಬಿತು ಅನ್ನಿಸುತ್ತದೆ. ಬಳೆಯ ಒಳಮೈ ಬಲೂನಿನ ಹಾಗೆ. ಅದರಿಂದ ಒಂದು ಸಣ್ಣ ಕೊಳವೆ ಹೊರಟು ಹೊಟ್ಟೆಯ ಚರ್ಮದ ಅಡಿಯಲ್ಲಿ ನಾಣ್ಯದಂಥ ಒಂದು ಗುಂಡಿಗೆ ಸೇರುತ್ತದೆ. ಆ ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಳೆ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಕರುಳು ಕತ್ತರಿಸುವುದಿಲ್ಲ, ಬೇಡವಾದರೆ ತೆಗೆಯಬಹುದು. ಇದನ್ನು ಉದರದರ್ಶಕದ ಮೂಲಕ, ದೊಡ್ಡದಾಗಿ ಹೊಟ್ಟೆ ಕೊಯ್ಯದೆ ಹಾಕುವುದು ಬೆಲ್ಜಿಯಂನಲ್ಲಿ 1993ರಲ್ಲಿ ಶುರುವಾಯಿತು. ಅಮೆರಿಕ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಇದರ ಕಾಲ ಹೆಚ್ಚೂಕಡಿಮೆ ಮುಗಿದಿದೆ. ಜಠರದ ದೊಡ್ಡ ಭಾಗವನ್ನೇ ಕತ್ತರಿಸಿ ತೆಗೆದು ಬಾಳೆಕಾಯಿಯಷ್ಟು ಉಳಿಸುವ ಆಪರೇಷನ್ನೇ ಹೆಚ್ಚು.

ಇಷ್ಟು ವಿಷಯ ನನಗೆ ಆಪರೇಷನ್ನಿಗೆ ಮುಂಚೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಆದಮೇಲೆ ಗೊತ್ತಾಯಿತು. ನಾನು ನಿಮ್ಮ ಮುಂದೆ ನಿಂತಿರುವುದೇ ಇದನ್ನು ಹೇಳಲು.

ಡಾಕ್ಟರು ನಮ್ಮವರೇ, ಅಚ್ಚ ಕನ್ನಡದವರು. ಹೊರಗಡೆ ಫೋನಿನಲ್ಲಿ ಅವರ ತಾಯಿಯ ಜೊತೆ "ಊಟ ಆಯ್ತೇನಮ್ಮಾ" ಎನ್ನುವುದನ್ನು ಈ ಕಿವಿಯಿಂದ ಕೇಳಿದೆ. ಒಳಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಇಂಗ್ಲಿಷ್. ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಹದಿನೈದು ನಿಮಿಷ ಮಾತಾಡಿದರು. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಇಂಗ್ಲಿಷ್ ಬಂದಾಗ ಹೇಗೋ ಈಜಿ ದಡ ಸೇರಿದವನು. ಬಿಲ್ಲು, ಕೊಟೇಶನ್ನು, ವಿಸಿಟಿಂಗ್ ಕಾರ್ಡಿನ ಇಂಗ್ಲಿಷ್ ನನಗೆ ಬರುತ್ತದೆ. ಡಾಕ್ಟರ ಇಂಗ್ಲಿಷಿನಲ್ಲಿ ಹತ್ತಕ್ಕೆ ಮೂರು ಮಾತು ಹಿಡಿದೆ. ಉಳಿದ ಏಳಕ್ಕೆ "ಯೆಸ್ ಡಾಕ್ಟರ್" ಎಂದೆ.

ಯಾಕೆ ಹಾಗೆಂದೆ? "ಸಾರ್, ಕನ್ನಡದಲ್ಲಿ ಹೇಳಿ" ಅನ್ನಲು ನನ್ನ ಗಂಟೇನು ಹೋಗುತ್ತಿತ್ತು? ಗೋಕಾಕ್ ಚಳವಳಿ ನಡೆದಾಗ ನಾನು ಕೂಸು. ಆದರೆ ಅದರ ಕರಪತ್ರ ನಮ್ಮಪ್ಪನ ಟ್ರೆಡಲ್ ಮೆಷಿನ್ನಿನಲ್ಲೇ ಅಚ್ಚಾದದ್ದು. ಪ್ರತಿ ನವೆಂಬರಿನಲ್ಲಿ ನನ್ನ ಪ್ರೆಸ್ಸಿನಿಂದ ಎಷ್ಟು ಸಾವಿರ ಹಾಳೆ ಕನ್ನಡದ ಪರವಾಗಿ ಹೊರಗೆ ಹೋಗುತ್ತದೆ ಎಂದು ನಿಮಗೇ ಗೊತ್ತು. ಆ ಮನುಷ್ಯ ಎಸಿ ರೂಮಿನಲ್ಲಿ ಒಂದು ವಾಕ್ಯ ಕನ್ನಡ ಕೇಳಲಿಲ್ಲ. ನಾಚಿಕೆ, ಸ್ವಾಮಿ. ಇಂಗ್ಲಿಷ್ ಬರದವನು ಎಂದುಕೊಂಡಾರು ಎಂಬ ನಾಚಿಕೆ. ಇಂಗ್ಲಿಷ್ ಹೇರಿದವರು ಯಾರು ಎಂದು ಹುಡುಕುತ್ತಾ ಹೋಗುವ ನಾವು ಈ ನಾಚಿಕೆಯ ಬಗ್ಗೆ ಕರಪತ್ರ ಹಾಕಿಸುವುದಿಲ್ಲ.

ಖರ್ಚು ಎಲ್ಲ ಸೇರಿ ಮೂರು ಲಕ್ಷದ ಮೇಲೆ. ಬೊಜ್ಜಿನ ಆಪರೇಷನ್ನಿಗೆ ನಮ್ಮ ವಿಮೆಯವರು ಆಗ ಒಂದು ರೂಪಾಯಿ ಕೊಡಲಿಲ್ಲ. ಪಾಲಿಸಿಯಲ್ಲಿ ಇಲ್ಲ ಎಂದರು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಬದಲಾಯಿಸಿತು. ತೂಕ-ಎತ್ತರದ ಲೆಕ್ಕ, ಅಂದರೆ ಬಿಎಂಐ, 40 ಇದ್ದವರಿಗೆ, ಅಥವಾ 35 ಇದ್ದು ಹೃದಯದ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ಕಾಯಿಲೆ ಇಂಥವು ಇದ್ದವರಿಗೆ, ಡಾಕ್ಟರು ಹೇಳಿದ ಮೇಲೆ ಬೊಜ್ಜಿನ ಆಪರೇಷನ್ ಎಂಬ ಒಂದೇ ಕಾರಣಕ್ಕೆ ಇಲ್ಲ ಅನ್ನುವ ಹಾಗಿಲ್ಲ. ನನ್ನ ಬಿಎಂಐ 45 ಇತ್ತು. ಎಂಟು ವರ್ಷ ಮುಂಚೆ ದಪ್ಪಗಾದದ್ದು ನನ್ನ ತಪ್ಪು! ಚೀಟಿ ಎತ್ತಿದೆ, ಹೆಂಡತಿಯ ಸರ ಅಡವಿಟ್ಟೆ, ಅಪ್ಪನ ಟ್ರೆಡಲ್ ಮೆಷಿನ್ ಗುಜರಿಗೆ ಹೋಯಿತು. ಅದಕ್ಕೆ ಸಿಕ್ಕಿದ್ದು ಕಬ್ಬಿಣದ ತೂಕದ ಬೆಲೆ. ಆ ವಿಷಯ ಇಲ್ಲಿಗೇ ಬಿಡೋಣ.

ಆಪರೇಷನ್ನಿನ ಹಿಂದಿನ ರಾತ್ರಿ ನರ್ಸಮ್ಮ ಒಂದು ಕಾಗದ ತಂದರು. ನಾಲ್ಕು ಪುಟ. "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ ಸಾರ್." ಆಕೆ ಕೇರಳದವರು. ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತಂತೆ. ಅಷ್ಟರಲ್ಲಿ ಕಲಿತ ಕನ್ನಡದಲ್ಲಿ ನನಗೆ "ಹೆದರಬೇಡಿ, ಚಿಕ್ಕ ಆಪರೇಷನ್" ಎಂದರು. ಆ ಆಸ್ಪತ್ರೆಯಲ್ಲಿ ನನ್ನೊಡನೆ ಯಾರಾದರೂ ಕೂತು ಕನ್ನಡದಲ್ಲಿ ಮಾತಾಡಿದ್ದರೆ ಅದು ಆ ಮಲಯಾಳಿ ಹೆಣ್ಣುಮಗಳು ಮಾತ್ರ. ಇದನ್ನು ನಮ್ಮ ಸಭೆಗಳಲ್ಲಿ ಹೇಳುವುದು ಒಳ್ಳೆಯದು.

ಕಾಗದ ಕೈಗೆ ತೆಗೆದುಕೊಂಡೆ. ನಾನು ಏನು ನೋಡಿದೆ ಗೊತ್ತೇ? 70 ಜಿಎಸ್‌ಎಂ ಮ್ಯಾಪ್ಲಿಥೋ. ಅಕ್ಷರ ಏಳು ಪಾಯಿಂಟಿಗಿಂತ ಹೆಚ್ಚಿಲ್ಲ. ಎರಡನೇ ಪುಟದಲ್ಲಿ ಇಂಕು ಸ್ವಲ್ಪ ಜಾಸ್ತಿ ಬಿದ್ದಿದೆ. ಕಟಿಂಗ್ ಎಡಕ್ಕೆ ವಾಲಿದೆ. ಇಂಥ ಫಾರಂಗಳನ್ನು ನಾನೇ ನರ್ಸಿಂಗ್ ಹೋಮುಗಳಿಗೆ ಸಾವಿರ ಸಾವಿರ ಹಾಕಿಕೊಟ್ಟಿದ್ದೇನೆ, ಅವೂ ಇಂಗ್ಲಿಷಿನವೇ. ಅಚ್ಚು ಓದಿದೆ, ಅಕ್ಷರ ಓದಲಿಲ್ಲ. ಮೂರು ಕಡೆ ರುಜು ಹಾಕಿದೆ. ಹೆಂಡತಿ ಒಂದು ಕಡೆ ಹಾಕಿದಳು. ಅವಳ ರುಜು ಕನ್ನಡದಲ್ಲಿತ್ತು. ಆ ನಾಲ್ಕು ಪುಟದಲ್ಲಿ ಇದ್ದ ಕನ್ನಡ ಅಷ್ಟೇ.

ಆಪರೇಷನ್ ಆದದ್ದು 2011ರ ಡಿಸೆಂಬರ್ ಮೊದಲ ವಾರ. ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಎಚ್ಚರವಾದಾಗ ಹೊಟ್ಟೆಗಿಂತ ಹೆಗಲು ನೋಯುತ್ತಿತ್ತು. ಹೆಗಲಿಗೆ ಏನು ಮಾಡಿದರಪ್ಪಾ ಎಂದು ಗಾಬರಿಯಾದೆ. ಆಪರೇಷನ್ ಮಾಡುವಾಗ ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸುತ್ತಾರೆ, ಅದರ ನೋವು ಹೆಗಲಿನಲ್ಲಿ ಕಾಣಿಸುತ್ತದೆ, ಓಡಾಡಿದರೆ ಹೋಗುತ್ತದೆ. ಇದನ್ನು ಹೇಳಿದವರೂ ನರ್ಸಮ್ಮನೇ. ಮಾರನೆಯ ದಿನ ಮನೆಗೆ ಕಳಿಸಿದರು. ಕೈಗೆ ಒಂದು ಊಟದ ಪಟ್ಟಿ ಕೊಟ್ಟರು. ಅದೂ ಇಂಗ್ಲಿಷ್. ಮೊದಲ ಎರಡು ವಾರ ನೀರಿನಂಥದ್ದು. ಆಮೇಲೆ ಎರಡು ವಾರ ಅರೆದದ್ದು. ಆಮೇಲೆ ಮೆತ್ತಗಿನದು. ಅಷ್ಟು ನನಗೆ ಅರ್ಥವಾಯಿತು. ಪಟ್ಟಿಯಲ್ಲಿದ್ದ ತಿಂಡಿಗಳು: ಬ್ರಾತ್, ಯೋಗರ್ಟ್, ಮ್ಯಾಶ್ಡ್ ಪೊಟ್ಯಾಟೊ, ಸ್ಕ್ರ್ಯಾಂಬಲ್ಡ್ ಎಗ್. ಗಂಜಿ ಇಲ್ಲ, ಅಂಬಲಿ ಇಲ್ಲ, ಮಜ್ಜಿಗೆ ಇಲ್ಲ, ಬೇಳೆಕಟ್ಟು ಇಲ್ಲ. ನನ್ನ ಹೊಟ್ಟೆಯನ್ನು ಇಲ್ಲೇ ಕೊಯ್ದು, ಪಟ್ಟಿಯನ್ನು ವಿಲಾಯಿತಿಯಿಂದ ತರಿಸಿದ್ದರು. ಹೆಂಡತಿ ಬುದ್ಧಿವಂತೆ, ಅವಳೇ ಊಹೆ ಮಾಡಿ ರಾಗಿ ಅಂಬಲಿಯನ್ನು ತೆಳ್ಳಗೆ ಶೋಧಿಸಿ ಕೊಟ್ಟಳು. ಚಮಚದಲ್ಲಿ ಕುಡಿದೆ. ಒಂದು ಲೋಟಕ್ಕೆ ಮುಕ್ಕಾಲು ಗಂಟೆ.

ಐದನೆಯ ವಾರ ಮೆತ್ತಗಿನ ಊಟ ಶುರು. ಸಂಕ್ರಾಂತಿಗೆ ಮುಂಚಿನ ಭಾನುವಾರ ಕುಣಿಗಲ್ ಕಡೆ ಅಕ್ಕನ ಮನೆಗೆ ಹೋದೆವು. ಜನವರಿ ಅಂದರೆ ನಮ್ಮ ಕಡೆ ಅವರೆಕಾಯಿ ಕಾಲ. ಅಂಗಳದಲ್ಲಿ ಕಾಲಿಟ್ಟರೆ ಹಿದುಕವರೆ ಸಾರಿನ ವಾಸನೆ. ಅಕ್ಕ ಮುದ್ದೆ ಬಡಿಸಿದಳು. ನನಗೆ ಅಂತ ಸಣ್ಣದು, ಕಿತ್ತಳೆ ಹಣ್ಣಿನಷ್ಟು. ನಾನು ಪಟ್ಟಿ ನೆನಪು ಮಾಡಿಕೊಂಡೆ. ಮೆತ್ತಗಿರಬೇಕು. ಮುದ್ದೆಗಿಂತ ಮೆತ್ತಗಿನದು ಪ್ರಪಂಚದಲ್ಲಿ ಯಾವುದಿದೆ? ಬೇಡ ಎಂದು ಬರೆದ ಕಡೆ ಒಂದು ಪದ ಇತ್ತು: ಡಿ, ಓ, ಯು, ಜಿ, ಹೆಚ್, ವೈ. ನಾನು ಅದನ್ನು "ಡೌಘೀ" ಎಂದು ಓದಿಕೊಂಡಿದ್ದೆ. ಘೀ ಅಂದರೆ ತುಪ್ಪ, ಯಾವುದೋ ಥರದ ತುಪ್ಪ ಬೇಡ ಅನ್ನುತ್ತಿದ್ದಾರೆ ಅಂದುಕೊಂಡೆ. "ಅಕ್ಕಾ, ತುಪ್ಪ ಮಾತ್ರ ಬೇಡ, ಡಾಕ್ಟರು ಬೇಡ ಅಂದವ್ರೆ" ಎಂದು ಜಂಬದಿಂದ ಹೇಳಿದೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ನಾನೂ ಈಗ ನಗುತ್ತೇನೆ.

ಅದು ಡೋಯಿ ಅಂತೆ. ಕಲಸಿದ ಹಿಟ್ಟಿನ ಮುದ್ದೆಯಂಥ, ಅಂಟು ಅಂಟಾದ ಪದಾರ್ಥ. ಪಟ್ಟಿ ಬರೆದವರಿಗೆ ಅದು ಬೇಯದ ಬ್ರೆಡ್ಡು. ನಮಗೆ ಅದು ಮುದ್ದೆಯೇ.

ಮುದ್ದೆಯನ್ನು ಹೇಗೆ ಉಣ್ಣುತ್ತಾರೆ ಎಂದು ಇಲ್ಲಿರುವ ಹಳೇ ಮೈಸೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಹಲ್ಲಿಗೆ ತಗುಲಿಸಬಾರದು. ಅಗಿದರೆ ಚಿಕ್ಕಂದಿನಲ್ಲಿ ಅವ್ವ ತಲೆಗೆ ಮೊಟಕುತ್ತಿದ್ದಳು. ಬ್ಯಾಂಡ್ ಹಾಕಿಸಿಕೊಂಡವನಿಗೆ ಮೊದಲ ನಿಯಮ ಏನು? ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ನೀರು ಮಾಡಬೇಕು. ಅವ್ವನ ನಿಯಮಕ್ಕೂ ಆಸ್ಪತ್ರೆಯ ನಿಯಮಕ್ಕೂ ನೇರ ಜಗಳ. ಈ ಜಗಳ ಇದೆ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾದರೆ ಅವರಿಗೆ ಮುದ್ದೆ ಗೊತ್ತಿರಬೇಕು. ನಾನು ಕೇಳಬೇಕಾದರೆ ಮುದ್ದೆ ಎಂಬ ಮಾತು ಆ ರೂಮಿನಲ್ಲಿ ಬಾಯಿಗೆ ಬರಬೇಕು. ಇಂಗ್ಲಿಷಿನಲ್ಲಿ ಕೂತವನಿಗೆ ಮುದ್ದೆ ಎಲ್ಲಿ ನೆನಪಾಗುತ್ತದೆ?

ಮೂರನೇ ತುತ್ತಿಗೆ ಎದೆಯ ಮಧ್ಯೆ ಯಾರೋ ಬೆರಳಿಟ್ಟು ಒತ್ತಿದ ಹಾಗಾಯಿತು. ನಾಲ್ಕನೆಯದಕ್ಕೆ ಎದ್ದುಬಿಟ್ಟೆ. ನೀರು ಕುಡಿದರೆ ನೀರೇ ವಾಪಸು. ಸ್ವಲ್ಪ ಹೊತ್ತಿಗೆ ನನ್ನ ಎಂಜಲನ್ನೇ ನುಂಗಲು ಆಗಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಾ, ಬಕೆಟ್ ಹಿಡಿದುಕೊಂಡು ಹಿತ್ತಲಲ್ಲಿ ಕೂತೆ. ಹೃದಯಾಘಾತ ಎಂದುಕೊಂಡು ಭಾವ ಅಳಲು ಶುರು ಮಾಡಿದರು. ತಾಲ್ಲೂಕು ಆಸ್ಪತ್ರೆಗೆ ಓಮ್ನಿಯಲ್ಲಿ ಹೊತ್ತುಕೊಂಡು ಹೋದರು. ಅಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ನನ್ನ ಡಿಸ್ಚಾರ್ಜ್ ಚೀಟಿ ಓದಿ ಎರಡು ನಿಮಿಷದಲ್ಲಿ ವಿಷಯ ಹಿಡಿದರು. ಆ ಚೀಟಿ ಇಂಗ್ಲಿಷಿನಲ್ಲಿತ್ತು, ಒಪ್ಪಿದೆ. ಡಾಕ್ಟರಿಂದ ಡಾಕ್ಟರಿಗೆ ಹೋಗುವ ಕಾಗದ ಯಾವ ಭಾಷೆಯಲ್ಲಾದರೂ ಇರಲಿ, ನನ್ನ ತಕರಾರಿಲ್ಲ. ನನ್ನ ಹೆಂಡತಿಯ ಕೈಗೆ ಕೊಟ್ಟ ಪಟ್ಟಿ ಅವಳ ಭಾಷೆಯಲ್ಲಿರಬೇಕಿತ್ತು, ಅಷ್ಟೇ.

ಬೆಳಗಿನ ಜಾವ ಬೆಂಗಳೂರಿನ ಅದೇ ಆಸ್ಪತ್ರೆ. ಬಾಯಿಂದ ಕೊಳವೆ ಇಳಿಸಿ ಮುದ್ದೆಯ ತುಣುಕುಗಳನ್ನು ತೆಗೆದರು. ಪಥ್ಯದ ಮೇಡಂ ಬಂದು ಪಟ್ಟಿಯ ಮೇಲೆ ಪೆನ್ನಿನಿಂದ ಆ ಪದಕ್ಕೆ ಗೆರೆ ಎಳೆದು, "ಲಿಖಾ ಹೈ ನಾ?" ಎಂದರು. ಬರೆದಿತ್ತು. ಅವರ ತಪ್ಪಿಲ್ಲ. ಬರೆದಿತ್ತಲ್ಲ!

ಒಳ್ಳೆಯದನ್ನೂ ಹೇಳಬೇಕು. ಆರು ವಾರ ದಾಟಿದ ಮೇಲೆ ಬಳೆಗೆ ಮೊದಲ ಸಲ ಉಪ್ಪುನೀರು ತುಂಬಿದರು. ತೂಕ ಇಳಿಯತೊಡಗಿತು. 2013ರ ನಡುವಿಗೆ 96 ಕೆಜಿಗೆ ಬಂದೆ. ಗೊರಕೆ ನಿಂತಿತು. ಸಕ್ಕರೆಯ ಮಾತ್ರೆ ಎರಡರಿಂದ ಅರ್ಧಕ್ಕೆ ಇಳಿಯಿತು. ಮಗಳ ಜೊತೆ ಬನಶಂಕರಿ ದೇವಸ್ಥಾನದವರೆಗೆ ನಡೆದುಹೋದೆ. ಕಟಿಂಗ್ ಮೆಷಿನ್ನಿನ ಸಂದಿಯಲ್ಲಿ ನೇರವಾಗಿ ನಡೆದ ದಿನ ಪ್ರೆಸ್ಸಿನ ಹುಡುಗರಿಗೆ ಬೋಂಡಾ ಕೊಡಿಸಿದೆ, ನಾನು ಕಾಲು ಬೋಂಡಾ ತಿಂದೆ. ಆ ಎರಡು ವರ್ಷ ನನಗೆ ಬ್ಯಾಂಡ್ ಕೊಟ್ಟ ಆಯುಸ್ಸು, ಅದನ್ನು ಇಲ್ಲ ಎನ್ನಲಾರೆ.

ಆದರೆ ಬಳೆ ಹೊಟ್ಟೆಯನ್ನು ಕಟ್ಟುತ್ತದೆ, ಆಸೆಯನ್ನು ಕಟ್ಟುವುದಿಲ್ಲ. ಚಪಾತಿ ಇಳಿಯುವುದಿಲ್ಲ, ಮೈಸೂರ್ ಪಾಕು ಕರಗಿ ಸರಾಗವಾಗಿ ಇಳಿಯುತ್ತದೆ. ಕೋಳಿ ಸಿಕ್ಕಿಕೊಳ್ಳುತ್ತದೆ, ಐಸ್‌ಕ್ರೀಮು ಜಾರುತ್ತದೆ. ಈ ಕಳ್ಳದಾರಿಯನ್ನು ನಾನು ಬೇಗ ಕಂಡುಕೊಂಡೆ. ತೂಕ ನಿಂತುಹೋದಾಗ "ಇನ್ನೂ ಸ್ವಲ್ಪ ಟೈಟ್ ಮಾಡಿ ಸಾರ್" ಎಂದು ನಾನೇ ಬೇಡಿದೆ. ಟೈಟ್ ಆದಷ್ಟೂ ವಾಂತಿ. ಮದುವೆ ಮನೆಗೆ ಹೋದರೆ ಮೊದಲು ಬಾತ್‌ರೂಮು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ. ವಾಂತಿ ಆಗುವುದೇ ಇದರ ಲಕ್ಷಣ, ಆದರೆ ತೂಕ ಇಳಿಯುತ್ತದೆ ಎಂದು ತಿಳಿದಿದ್ದೆ. ಪದೇ ಪದೇ ವಾಂತಿ ಆದರೆ ಕೂಡಲೇ ಬರಬೇಕು, ಇಲ್ಲದಿದ್ದರೆ ಬಳೆ ಜಾಗ ಬಿಟ್ಟು ಜಾರಬಹುದು ಎಂಬುದು ಆ ನಾಲ್ಕು ಪುಟದ ಮೂರನೇ ಪುಟದಲ್ಲಿತ್ತು.

2015ರ ಮಳೆಗಾಲದಲ್ಲಿ ರಾತ್ರಿ ಮಲಗಿದರೆ ಕೆಮ್ಮು, ಹುಳಿ ಗಂಟಲಿಗೆ ಬರುತ್ತಿತ್ತು. ದಿಂಬು ಮೂರಿಟ್ಟುಕೊಂಡು ಕೂತೇ ಮಲಗಿದೆ. ಬೇರಿಯಂ ಕುಡಿಸಿ ಎಕ್ಸರೇ ತೆಗೆದರು. ಬಳೆ ಜಾರಿತ್ತು. ಮೇಲಿನ ಪುಟ್ಟ ಚೀಲ ದೊಡ್ಡದಾಗಿ ಜೋತುಬಿದ್ದಿತ್ತು. ಉಪ್ಪುನೀರೆಲ್ಲ ತೆಗೆದರು. ಅದೇ ಸಂಜೆ ಎರಡು ಇಡ್ಲಿ ತಿಂದೆ, ಕಣ್ಣಲ್ಲಿ ನೀರು ಬಂತು. ಬಳೆಯನ್ನೇ ತೆಗೆಸಬೇಕು ಎಂದರು.

ಈ ಸಲ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿನ ಸರ್ಜನ್ ಮನೆಮಾತು ತೆಲುಗಿನವರು. ಓದಿದ್ದು ಹುಬ್ಬಳ್ಳಿಯಲ್ಲಿ, ಹಾಗಾಗಿ ಕನ್ನಡ ಮಾತಾಡಿದರೆ "ಹೌದಲ್ರೀ" ಎನ್ನುತ್ತಿದ್ದರು. ನಾನು ಮೊದಲೇ ಹೇಳಿದೆ: "ಸಾರ್, ನನಗೆ ಇಂಗ್ಲಿಷ್ ಅರ್ಧಂಬರ್ಧ. ಕನ್ನಡದಲ್ಲಿ ಹೇಳಿ, ಬರೆದುಕೊಡಿ." ಆ ಮಾತು ಬಾಯಿಂದ ಹೊರಡಲು ನಾಲ್ಕು ವರ್ಷ ಮತ್ತು ಮೂರು ಲಕ್ಷ ಹಿಡಿಯಿತು. ಅವರು ಲೆಟರ್‌ಹೆಡ್ಡಿನ ಹಿಂಭಾಗದಲ್ಲಿ ಚಿತ್ರ ಬರೆದು ಮುಕ್ಕಾಲು ಗಂಟೆ ಹೇಳಿದರು. ಬರೆದುಕೊಡುವುದಕ್ಕೆ ಮಾತ್ರ, "ನಮ್ಮಲ್ಲಿ ಒಪ್ಪಿಗೆ ಪತ್ರ ಇಂಗ್ಲಿಷಿನದ್ದೇ ಇರೋದ್ರೀ" ಎಂದರು.

ಫಾರಂ ಮನೆಗೆ ತಂದೆ. ಮಗಳು ಆಗ ಒಂಬತ್ತನೇ ತರಗತಿ, ಇಂಗ್ಲಿಷ್ ಮಾಧ್ಯಮ. ಕರಪತ್ರ ಹಾಕುವವನು ಮಗಳನ್ನು ಎಲ್ಲಿಗೆ ಸೇರಿಸಿದ್ದಾನೆ ನೋಡಿ ಎನ್ನುತ್ತೀರಿ. ಅನ್ನಿ. ನಾನು ಅನುಭವಿಸಿದ ನಾಚಿಕೆ ಅವಳಿಗೆ ಬೇಡ ಎಂದು ಸೇರಿಸಿದೆ, ಸರಿಯೋ ತಪ್ಪೋ ನನಗೇ ಇನ್ನೂ ತೀರ್ಮಾನವಾಗಿಲ್ಲ. ಆ ರಾತ್ರಿ ಪ್ರೆಸ್ಸಿನಲ್ಲಿ ಕೂತೆವು. ಅವಳಿಗೆ ಇಂಗ್ಲಿಷ್ ಬರುತ್ತದೆ, ಒಳ್ಳೆಯ ಕನ್ನಡ ಬರುವುದಿಲ್ಲ. ನನಗೆ ಕನ್ನಡ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಇಬ್ಬರೂ ಸೇರಿ ಒಬ್ಬ ಮನುಷ್ಯ. ಗೊತ್ತಾಗದ ಕಡೆ ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಿಗೆ ಫೋನು. ಅವರ ಚೀಟಿ ಪ್ಯಾಡು ಅಚ್ಚು ಹಾಕುವವನು ನಾನೇ, ಹಾಗಾಗಿ ಬೈಯಲಿಲ್ಲ.

ಮೊದಲ ಸಾಲಿಗೇ ಪೇಚಾಟ. ನಿಘಂಟು ನೋಡಿ "ತಿಳಿವಳಿಕೆಯುಕ್ತ ಸಮ್ಮತಿ" ಎಂದು ಹಾಕಿದೆ. ಅವ್ವನಿಗೆ ಓದಿ ಹೇಳಿದರೆ "ಇದು ಯಾವ ದೇವ್ರ ಮಂತ್ರ?" ಎಂದಳು. ಹೊಡೆದುಹಾಕಿ, "ನನಗೆ ಎಲ್ಲವನ್ನೂ ಹೇಳಿದ್ದಾರೆ, ನಾನು ಕೇಳಬೇಕಾದ್ದನ್ನು ಕೇಳಿದ್ದೇನೆ, ಒಪ್ಪಿದ್ದೇನೆ" ಎಂದು ಬರೆದೆವು. ನಮ್ಮ ಸರ್ಕಾರಿ ಕನ್ನಡದ ರೋಗವೂ ಇದೇ, ಇಂಗ್ಲಿಷ್ ತೆಗೆದು ಅದಕ್ಕಿಂತ ಕಬ್ಬಿಣದ ಕಡಲೆ ತಂದಿಡುತ್ತಾರೆ. ಆಪರೇಷನ್ನನ್ನು ಆಪರೇಷನ್ ಎಂದೇ ಬಿಟ್ಟೆ. ಬಳೆ ತೆಗೆಯುವಾಗ ಜಠರಕ್ಕೆ ತೂತಾಗಬಹುದು. ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ಕೊಯ್ಯಬೇಕಾಗಬಹುದು. ಕೀವಾಗಬಹುದು. ಇಳಿದ ತೂಕ ಮತ್ತೆ ಬರಬಹುದು. ಒಂದೊಂದು ಸಾಲು ಕಂಪೋಸ್ ಮಾಡುವಾಗಲೂ ಹೊಟ್ಟೆಯಲ್ಲಿ ಚಳಿ. ಹೆದರಿಕೆ ಅನ್ನುವುದು ಕನ್ನಡದಲ್ಲೇ ಆಗುವುದು, ಗೆಳೆಯರೇ. ಆದರೆ ಹೆದರಿದ ಮೇಲೆ ಕೇಳಲು ಪ್ರಶ್ನೆಗಳು ಬಂದವು. ಒಂಬತ್ತು ಪ್ರಶ್ನೆ ಬರೆದುಕೊಂಡೆ.

ಹನ್ನೆರಡು ಪಾಯಿಂಟಿನಲ್ಲಿ, ಒಳ್ಳೆಯ ಕಾಗದದ ಮೇಲೆ ಇಪ್ಪತ್ತು ಪ್ರತಿ ತೆಗೆದೆ. ಸರ್ಜನ್ ಓದಿ ಎರಡು ಕಡೆ ತಿದ್ದಿದರು, ಒಂದು ಕಡೆ ನಾವು ಅಪಾಯವನ್ನು ಜಾಸ್ತಿ ಮಾಡಿ ಬರೆದಿದ್ದೆವಂತೆ. ನನ್ನ ಒಂಬತ್ತು ಪ್ರಶ್ನೆಗೂ ಉತ್ತರ ಕೊಟ್ಟರು. ಆಡಳಿತದವರು ಇಂಗ್ಲಿಷಿನದ್ದೇ ಊರ್ಜಿತ ಎಂದು ಹಠ ಹಿಡಿದರು. ಕೊನೆಗೆ ಎರಡನ್ನೂ ಸೇರಿಸಿ ಪಿನ್ ಹೊಡೆದರು, ಎರಡಕ್ಕೂ ರುಜು ಹಾಕಿದೆ. 2016ರ ಮಾರ್ಚಿನಲ್ಲಿ ಬಳೆ ತೆಗೆದರು. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ತೋರಿಸಿದರು. ಮೂರು ಲಕ್ಷದ ಬಳೆ, ಮಗುವಿನ ಕೈಗೂ ಆಗದಷ್ಟು ಸಣ್ಣದು.

ಒಂದು ವರ್ಷದಲ್ಲಿ ತೂಕ 115ಕ್ಕೆ ಏರಿತು. ಜಠರ ಕತ್ತರಿಸುವ ಆಪರೇಷನ್ ಮಾಡಿಸಿಕೊಳ್ಳಿ ಎಂದರು. ಅದರ ಒಪ್ಪಿಗೆ ಪತ್ರವನ್ನೂ ಕನ್ನಡ ಮಾಡಿಕೊಂಡು ಓದಿದೆ. ಓದಿ, ನನಗೆ ಬೇಡ ಎಂದೆ. ನಿಮ್ಮಲ್ಲಿ ಯಾರಿಗಾದರೂ ಅದು ಬೇಕಾಗಬಹುದು, ಅದರಿಂದ ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುತ್ತಿರುವುದು ಮಾಡಿಸಿ ಅಥವಾ ಬೇಡ ಅಂತಲ್ಲ. ಈಗ ದಿನಾ ಒಂದೂವರೆ ಗಂಟೆ ನಡೆಯುತ್ತೇನೆ, 104 ಕೆಜಿಯಲ್ಲಿದ್ದೇನೆ. ಸಕ್ಕರೆಯ ಮಾತ್ರೆ ಒಂದು.

ಕಾನೂನು ನಮ್ಮ ಕಡೆಗೇ ಇದೆ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಚಿಕಿತ್ಸೆ ಏನು, ಯಾಕೆ, ಅದರಿಂದ ಆಗುವ ಲಾಭ ಏನು, ಅಪಾಯ ಏನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ಸಾಕಷ್ಟು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದಿತು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎಂದೂ ಇದೆ. ನಾವು ಬೋರ್ಡಿಗಾಗಿ ಹೋರಾಡಿದೆವು, 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ಅಂಗಡಿ ಆಸ್ಪತ್ರೆಗಳ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ. ಸಂತೋಷ. ಆ ಬೋರ್ಡಿನ ಕೆಳಗಿನಿಂದ ಒಳಗೆ ಹೋಗಿ ನಾಲ್ಕನೇ ಮಹಡಿಯಲ್ಲಿ ನಿಮ್ಮಪ್ಪನ ಮಂಚದ ಪಕ್ಕ ನಿಂತಾಗ ಕೈಗೆ ಬರುವ ಕಾಗದದಲ್ಲಿ ನೂರಕ್ಕೆ ಎಷ್ಟು ಭಾಗ ಕನ್ನಡ ಇದೆ, ನೋಡಿ ಬಂದು ನನಗೆ ಹೇಳಿ. ಬೋರ್ಡು ಬೀದಿಯಿಂದ ಕಾಣುತ್ತದೆ, ಟಿವಿಯವರು ಬರುತ್ತಾರೆ. ಮಂಚದ ಪಕ್ಕ ಯಾವ ಟಿವಿಯೂ ಬರುವುದಿಲ್ಲ.

ನನ್ನ ಕೈಲಾದದ್ದು ಇಷ್ಟು. ಅವತ್ತು ಕಂಪೋಸ್ ಮಾಡಿದ ಫೈಲು ಇನ್ನೂ ಪ್ರೆಸ್ಸಿನ ಕಂಪ್ಯೂಟರಿನಲ್ಲಿದೆ. ಅದರ ಜೊತೆ ಹೆರಿಗೆಯದು, ಕಣ್ಣಿನ ಪೊರೆಯದು, ಮೂತ್ರಪಿಂಡದ ಕಲ್ಲಿನದು ಸೇರಿ ಈಗ ಹದಿನಾಲ್ಕು ಒಪ್ಪಿಗೆ ಪತ್ರಗಳಾಗಿವೆ. ಎಲ್ಲವನ್ನೂ ಡಾಕ್ಟರೊಬ್ಬರು ನೋಡಿ ತಿದ್ದಿದ್ದಾರೆ. ನರ್ಸಿಂಗ್ ಹೋಮಿನವರು ಇಂಗ್ಲಿಷ್ ಫಾರಂ ಹಾಕಿಸಲು ಬಂದರೆ ಕನ್ನಡದ್ದನ್ನು ಹಿಂದಿನ ಪುಟದಲ್ಲಿ ಹಾಕಿಕೊಡುತ್ತೇನೆ, ಅದಕ್ಕೆ ಕಂಪೋಸಿಂಗ್ ಚಾರ್ಜು ತೆಗೆದುಕೊಳ್ಳುವುದಿಲ್ಲ. ಮೂವರು ಒಪ್ಪಿದ್ದಾರೆ, ಉಳಿದವರು "ನೋಡೋಣ" ಎಂದಿದ್ದಾರೆ. ಭಾನುವಾರ ಬೆಳಗ್ಗೆ ಪ್ರೆಸ್ ಬಾಗಿಲು ತೆಗೆದಿರುತ್ತದೆ. ನಿಮ್ಮಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವವರು ಬನ್ನಿ, ಕನ್ನಡ ಚೆನ್ನಾಗಿ ಬರುವವರೂ ಬನ್ನಿ, ಎರಡೂ ಬರುವವರು ಸಿಕ್ಕರೆ ಬಿಡುವುದಿಲ್ಲ. ಊಟದ ಪಟ್ಟಿಗಳು ಇನ್ನೂ ಬಾಕಿ ಇವೆ, ಮುದ್ದೆ ಎಲ್ಲಿ ಬರಬೇಕು ಎಂದು ಅದರಲ್ಲಿ ಬರೆಯಬೇಕು. ಕಾಫಿ ನನ್ನದು, ಬೈ ಟು.